ಆಷಾಢದಲ್ಲೂ ಆರದ ಲಿಂಕ್: ಗುಡ್ಡದ ಮೇಲಿನ ವೈರ್‌ಲೆಸ್ ರಿಲೇಗೆ ಸೋಲಾರ್ ಲೆಕ್ಕ ಹಾಕುವ ಬಗೆ

ಮಲೆನಾಡಿನ ಎಷ್ಟೋ ಮನೆಗಳಿಗೆ ಇಂಟರ್ನೆಟ್ ತರುವ ದಾರಿ ಒಂದೇ. ಫೈಬರ್ ಇರುವ ಪೇಟೆಯೂ ಕಣಿವೆಯ ಮನೆಗಳೂ ಎರಡೂ ಕಾಣುವ ಗುಡ್ಡದ ನೆತ್ತಿಗೆ ಎರಡು ರೇಡಿಯೊ ಏರಿಸಿ, ಒಂದನ್ನು ಪೇಟೆ ಕಡೆಗೆ, ಇನ್ನೊಂದನ್ನು ಮನೆಗಳ ಕಡೆಗೆ ತಿರುಗಿಸುವುದು. ರೇಡಿಯೊ ಸಿಗುತ್ತದೆ, ಕಂಬ ನಿಲ್ಲಿಸಲು ಊರವರು ಕೈಜೋಡಿಸುತ್ತಾರೆ. ನೆತ್ತಿಯ ಮೇಲೆ ಕರೆಂಟ್ ಮಾತ್ರ ಇರುವುದಿಲ್ಲ. ಆಗ ಎಲ್ಲರೂ ಕೇಳುವ ಪ್ರಶ್ನೆ: “150 ವಾಟ್ ಪ್ಯಾನೆಲ್, ಮನೆಯಲ್ಲಿರೋ ಹಳೇ ಇನ್ವರ್ಟರ್ ಬ್ಯಾಟರಿ, ಸಾಕಾಗತ್ತಾ?”

ಫೆಬ್ರವರಿಯಲ್ಲಿ ಸಾಕಾಗುತ್ತದೆ, ಜುಲೈಯಲ್ಲಿ ಸಾಕಾಗುವುದಿಲ್ಲ. ಬೇಸಿಗೆಯಲ್ಲಿ ಕಟ್ಟಿ, ಬೇಸಿಗೆಯಲ್ಲಿ ಪರೀಕ್ಷಿಸಿ, ಪಾಸಾಯಿತು ಎಂದು ಇಳಿದು ಬಂದ ವ್ಯವಸ್ಥೆ ಆರಿದ್ರಾ ಮಳೆ ಹಿಡಿದ ಎರಡನೇ ವಾರಕ್ಕೆ ಮಲಗುತ್ತದೆ. ಜಾರುವ ಹಾದಿಯಲ್ಲಿ ಜಿಗಣೆ ಕಿತ್ತುಕೊಳ್ಳುತ್ತ ಗುಡ್ಡ ಹತ್ತಬೇಕಾಗುವುದೂ ಆಗಲೇ. ಆದ್ದರಿಂದ ಇಲ್ಲಿರುವ ಲೆಕ್ಕವೆಲ್ಲ ಆಷಾಢದ ಲೆಕ್ಕ.

ಮೊದಲು ಕೆಲವು ಪದಗಳು

ವಾಟ್ ಎಂದರೆ ಆ ಕ್ಷಣದಲ್ಲಿ ಉಪಕರಣ ಎಳೆಯುವ ಶಕ್ತಿ. ಎಲ್ಲ ಉಪಕರಣಗಳೂ ಸೇರಿ ಎಳೆಯುವುದೇ ಲೋಡ್. ಅದನ್ನು ಗಂಟೆಯಿಂದ ಗುಣಿಸಿದರೆ ವಾಟ್-ಅವರ್. ಸಾವಿರ ವಾಟ್-ಅವರ್ ಸೇರಿದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಬ್ಯಾಟರಿಯ ಮೇಲೆ ಬರೆದಿರುವುದು ಆಂಪ್-ಅವರ್. ಅದನ್ನು ಬ್ಯಾಟರಿಯ ವೋಲ್ಟೇಜಿನಿಂದ ಗುಣಿಸಿದರೆ ವಾಟ್-ಅವರ್ ಸಿಗುತ್ತದೆ.

ಬಿಸಿಲ ಗಂಟೆ ಎಂದರೆ ಸೂರ್ಯ ಕಾಣುವ ಗಂಟೆಗಳಲ್ಲ. ಬೆಳಗಿನಿಂದ ಸಂಜೆವರೆಗೆ ಬಿದ್ದ ಒಟ್ಟು ಬೆಳಕನ್ನು, ಚದರ ಮೀಟರಿಗೆ 1000 ವಾಟ್ ಬೀಳುವ ಕಡುಬಿಸಿಲಿಗೆ ಹೋಲಿಸಿ ಎಷ್ಟು ಗಂಟೆಗೆ ಸಮ ಎಂದು ಹೇಳುವ ಅಳತೆ ಅದು. ಪ್ಯಾನೆಲ್ ಮೇಲೆ ಬರೆದ ವಾಟ್ ಆ ಕಡುಬಿಸಿಲಿನಲ್ಲಿ ಬರುವಂಥದ್ದು.

ಪಿಒಇ ಎಂದರೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಡೇಟಾ ಜೊತೆಗೆ ಕರೆಂಟನ್ನೂ ಕಳಿಸುವುದು. ಹೊರಾಂಗಣ ರೇಡಿಯೊಗಳಲ್ಲಿ ಹೆಚ್ಚಿನವು 24 ವೋಲ್ಟಿನ ‘ಪ್ಯಾಸಿವ್’ ಪಿಒಇ ಬಳಸುತ್ತವೆ. ಪ್ಯಾಸಿವ್ ಎಂದರೆ ಆ ತುದಿಯಲ್ಲಿ ಏನಿದೆ ಎಂದು ನೋಡದೆಯೇ ಕರೆಂಟ್ ಹೋಗುತ್ತಿರುತ್ತದೆ. ಪರೀಕ್ಷೆ ಮಾಡುವಾಗ ಅದೇ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಅದರ ಪೋರ್ಟ್ ಸುಟ್ಟುಹೋದೀತು, ಜೋಪಾನ.

1. ಲೋಡನ್ನು ಮನೆಯ ಮೇಜಿನ ಮೇಲೇ ಅಳೆಯಿರಿ

ಅಡಾಪ್ಟರ್ ಮೇಲೆ ಬರೆದಿರುವುದು ಅದು ಕೊಡಬಲ್ಲ ಗರಿಷ್ಠ, ರೇಡಿಯೊ ತಿನ್ನುವ ಲೆಕ್ಕವಲ್ಲ. ಸರಿಯಾದ ಅಂಕಿ ಬೇಕಾದರೆ ಗುಡ್ಡಕ್ಕೆ ಹೋಗುವ ಎಲ್ಲವನ್ನೂ ಮೊದಲು ಮನೆಯಲ್ಲಿ ಜೋಡಿಸಿ: 12 ವೋಲ್ಟ್ ಬ್ಯಾಟರಿ, 12ನ್ನು 24 ಮಾಡುವ ಬೂಸ್ಟ್ ಕನ್ವರ್ಟರ್, ಎರಡು ರೇಡಿಯೊ, ರೂಟರ್. ಬ್ಯಾಟರಿ ಮತ್ತು ಉಳಿದದ್ದರ ನಡುವೆ ಒಂದು ಡಿಸಿ ವಾಟ್‌ಮೀಟರ್ ಕೂರಿಸಿ. ಎರಡು ರೇಡಿಯೊಗಳ ನಡುವೆ ದೊಡ್ಡ ಫೈಲ್ ಹರಿಸುತ್ತ ಪೂರ್ತಿ 24 ಗಂಟೆ ಓಡಿಸಿ, ಕೊನೆಗೆ ಮೀಟರ್ ತೋರಿಸುವ ವಾಟ್-ಅವರ್ ಬರೆದುಕೊಳ್ಳಿ. ಕನ್ವರ್ಟರಿನ ನಷ್ಟವೂ ಇದರೊಳಗೇ ಬಂದಿರುತ್ತದೆ.

ಅಳೆಯುವ ಸಲಕರಣೆ ಇಲ್ಲದಿದ್ದರೆ ಕಾಗದದ ಲೆಕ್ಕ ಹೀಗೆ. ರೇಡಿಯೊ ತಲಾ 6 ವಾಟ್, ಎರಡಕ್ಕೆ 12. ಚಿಕ್ಕ ರೂಟರ್ 4. ಒಟ್ಟು 16. ಕನ್ವರ್ಟರ್ ದಕ್ಷತೆ ಶೇ 88 ಎಂದು ಹಿಡಿದರೆ 16 ÷ 0.88, ಸುಮಾರು 18. ಚಾರ್ಜ್ ಕಂಟ್ರೋಲರಿನ (ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಸಾಧನ) ಸ್ವಂತ ಖರ್ಚು, ಚಿಲ್ಲರೆ ನಷ್ಟ ಸೇರಿಸಿ 19 ವಾಟ್ ಅನ್ನೋಣ. 19 × 24 = 456 ವಾಟ್-ಅವರ್. ದಿನಕ್ಕೆ ಅರ್ಧ ಯೂನಿಟ್ಟಿಗೂ ತುಸು ಕಡಿಮೆ. ಮುಂದಿನ ಹಂತಗಳಲ್ಲೆಲ್ಲ ಇದೇ ಅಂಕಿ ಬಳಸಿದ್ದೇನೆ. ನಿಮ್ಮ ಅಳತೆ ಬೇರೆ ಬಂದರೆ ಅದನ್ನೇ ಹಾಕಿಕೊಳ್ಳಿ.

“ಹೇಗೂ ಕಂಬ ಇದೆಯಲ್ಲ, ಒಂದು ಕ್ಯಾಮೆರಾನೂ ಹಾಕಿಬಿಡೋಣ” ಎಂಬ ಮಾತು ಬಂದೇ ಬರುತ್ತದೆ. ಹಗಲೂ ರಾತ್ರಿ ಉರಿಯುವ ಒಂದೇ ಒಂದು ವಾಟ್ ಹೆಚ್ಚಾದರೆ ದಿನಕ್ಕೆ 24 ವಾಟ್-ಅವರ್ ಹೆಚ್ಚು. ಮಲೆನಾಡಿನ ಮಳೆಗಾಲದಲ್ಲಿ ಅದನ್ನು ತುಂಬಲು ಕನಿಷ್ಠ 14 ವಾಟ್ ಪ್ಯಾನೆಲ್ ಹೆಚ್ಚಿಗೆ ಬೇಕು. ರಾತ್ರಿ ದೀಪ ಹೊತ್ತಿಸುವ 5 ವಾಟ್ ಕ್ಯಾಮೆರಾಕ್ಕೆ 70 ವಾಟ್ ಪ್ಯಾನೆಲ್ಲು, ಅದಕ್ಕೆ ತಕ್ಕ ಬ್ಯಾಟರಿ. ಹಾಗೆಯೇ, ಗುಡ್ಡದ ಮೇಲಿನ ರೂಟರಿನ ವೈಫೈ ಯಾರಿಗೂ ಬೇಡ, ಆರಿಸಿಬಿಡಿ. ಎರಡೇ ರೇಡಿಯೊ ಇದ್ದರೆ ಅವನ್ನು ನೇರ ಜೋಡಿಸಿ ರೂಟರನ್ನು ಮನೆಯಲ್ಲೇ ಇಡಲು ಬರುತ್ತದೆಯೇ ನೋಡಿ. ಲೋಡ್ ಇಳಿಸಿದಷ್ಟು ಅಗ್ಗದ ಸೋಲಾರ್ ಬೇರೆ ಇಲ್ಲ.

2. ಇನ್ವರ್ಟರ್ ಬೇಡವೇ ಬೇಡ

ಮನೆಯ ಇನ್ವರ್ಟರ್ ಇಟ್ಟು, ಅದಕ್ಕೆ ರೇಡಿಯೊದ ಅಡಾಪ್ಟರ್ ಚುಚ್ಚುವುದು ಸುಲಭ ಅನ್ನಿಸುತ್ತದೆ. ಆದರೆ ಮನೆಬಳಕೆಯ ಇನ್ವರ್ಟರ್ ಏನೂ ಲೋಡ್ ಇಲ್ಲದೆ ಸುಮ್ಮನೆ ಆನ್ ಇದ್ದರೂ 10ರಿಂದ 20 ವಾಟ್ ನುಂಗುತ್ತದೆ. ನಮ್ಮ ಇಡೀ ಲೋಡೇ 19. ಅಂದರೆ ದುಪ್ಪಟ್ಟು ಪ್ಯಾನೆಲ್, ದುಪ್ಪಟ್ಟು ಬ್ಯಾಟರಿ. ಡಿಸಿಯಿಂದ ಡಿಸಿಗೇ ಹೋಗಿ.

24 ವೋಲ್ಟ್ ರೇಡಿಯೊಗೆ 12 ವೋಲ್ಟ್ ಬ್ಯಾಟರಿಯಿಂದ ಬೂಸ್ಟ್ ಕನ್ವರ್ಟರ್ ಹಾಕಿ. ಎರಡು ಬ್ಯಾಟರಿಯನ್ನು ಸರಣಿಯಲ್ಲಿಟ್ಟು (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ) 24 ಮಾಡಿ ರೇಡಿಯೊಗೆ ನೇರ ಕೊಡುವವರೂ ಇದ್ದಾರೆ. ‘24 ವೋಲ್ಟ್’ ಬ್ಯಾಟರಿ ಚಾರ್ಜ್ ಆಗುವಾಗ 28.8ರವರೆಗೆ ಏರುತ್ತದೆ. ಕೆಲವು ಉಪಕರಣಗಳು 30 ವೋಲ್ಟ್ ತಡೆಯುತ್ತವೆ. 24ರ ಮೇಲೆ ಶೇ 10 ಮಾತ್ರ ಎಂದು ಬರೆದಿದ್ದರೆ 26.4ಕ್ಕೇ ಅದರ ಮಿತಿ ಮುಗಿಯಿತು. ಡೇಟಾಶೀಟ್ ಓದದೆ ನೇರ ಕೊಡಬೇಡಿ. 12 ವೋಲ್ಟ್ ರೂಟರಿಗೂ ಇದೇ ಮಾತು. ‘12’ರ ಬ್ಯಾಟರಿ 14.4 ಮುಟ್ಟುತ್ತದೆ. 8ರಿಂದ 30 ವೋಲ್ಟ್ ವರೆಗೆ ಒಪ್ಪುವ ರೂಟರ್‌ಗಳು ಸಿಗುತ್ತವೆ, ಗುಡ್ಡಕ್ಕೆ ಅಂಥದ್ದೇ ಸರಿ.

3. ನಿಮ್ಮ ಊರಿನ ಕೆಟ್ಟ ತಿಂಗಳು ಯಾವುದು?

ಕರ್ನಾಟಕದ ವಾರ್ಷಿಕ ಸರಾಸರಿ ಐದು ಬಿಸಿಲ ಗಂಟೆಗೂ ಮೇಲೆ. ಅಂಗಡಿಯವರು ಲೆಕ್ಕ ಹಾಕುವುದು ಅದರಲ್ಲೇ. ಬಳ್ಳಾರಿ, ಚಿತ್ರದುರ್ಗದ ಕಡೆ ಆ ಲೆಕ್ಕ ದೊಡ್ಡದಾಗಿ ತಪ್ಪುವುದಿಲ್ಲ, ಕೆಟ್ಟ ತಿಂಗಳಿಗೆ 4 ಹಿಡಿದರೆ ನಡೆಯುತ್ತದೆ. ಶೃಂಗೇರಿ, ತೀರ್ಥಹಳ್ಳಿ, ಶಿರಸಿ, ಮಡಿಕೇರಿಗಳಲ್ಲಿ ಜುಲೈ ಸರಾಸರಿಗೆ 2.5 ಹಿಡಿಯಿರಿ. ಮೋಡ ಕುಕ್ಕರಿಸಿ ಕೂತ ದಿನಗಳಲ್ಲಿ ಒಂದು ಗಂಟೆಯೂ ಸಿಗುವುದಿಲ್ಲ. ನಿಮ್ಮ ಜಾಗದ ತಿಂಗಳುವಾರು ಅಂಕಿ ನಾಸಾದ ‘ಪವರ್’ ದತ್ತಾಂಶದಲ್ಲಿ ಉಚಿತವಾಗಿ ಸಿಗುತ್ತದೆ. ಅಕ್ಷಾಂಶ, ರೇಖಾಂಶ ಕೊಟ್ಟು, ಹನ್ನೆರಡು ತಿಂಗಳಲ್ಲಿ ಅತಿ ಕಡಿಮೆ ಇರುವುದನ್ನು ಆರಿಸಿ. ಸರಾಸರಿ ಸಾಲಿನ ಕಡೆ ಕಣ್ಣೂ ಹಾಯಿಸಬೇಡಿ.

4. ಪ್ಯಾನೆಲ್

ಸೂತ್ರ ಸರಳ. ದಿನದ ವಾಟ್-ಅವರನ್ನು ಬಿಸಿಲ ಗಂಟೆಯಿಂದ ಭಾಗಿಸಿ, ಬಂದದ್ದನ್ನು 0.7ರಿಂದ ಭಾಗಿಸಿ. ಆ 0.7 ಕೊಳೆ, ಪ್ಯಾನೆಲ್ ಬಿಸಿ, ವೈರ್, ಕಂಟ್ರೋಲರ್, ಬ್ಯಾಟರಿ ಇವೆಲ್ಲ ತಿಂದು ಉಳಿಸುವ ಪಾಲು.

ಮಲೆನಾಡಿಗೆ 456 ÷ 2.5 ÷ 0.7 = 260 ವಾಟ್. ಬಯಲುಸೀಮೆಗೆ 456 ÷ 4 ÷ 0.7 = 163 ವಾಟ್.

260 ಬಂತಲ್ಲ, ಒಂದು 330 ವಾಟ್ ಪ್ಯಾನೆಲ್ ಧಾರಾಳ ಎಂದು ಇಲ್ಲೇ ನಿಲ್ಲಿಸುವವರು ಬಹಳ. ದಯವಿಟ್ಟು ಮುಂದಿನ ಹಂತ ಓದದೆ ಪ್ಯಾನೆಲ್ ಕೊಳ್ಳಬೇಡಿ.

5. ಬ್ಯಾಟರಿ, ಮತ್ತು ಎಲ್ಲರೂ ಮರೆಯುವ ಮರುಭರ್ತಿ

ಮೂರು ದಿನ ಬಿಸಿಲೇ ಇಲ್ಲ ಅಂದುಕೊಂಡು 456 × 3 = 1368 ವಾಟ್-ಅವರ್ ಬೇಕು. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವಂತಿಲ್ಲ. ಟ್ಯೂಬುಲರ್ ಲೆಡ್-ಆಸಿಡ್ ಆದರೆ ಅರ್ಧ ಮಾತ್ರ ಬಳಸಿ, ಲಿಥಿಯಂ ಐರನ್ ಫಾಸ್ಫೇಟ್ ಆದರೆ ಶೇ 80. ಹಾಗಾಗಿ ಲೆಡ್-ಆಸಿಡ್‌ನಲ್ಲಿ 12 ವೋಲ್ಟಿನ ಸುಮಾರು 230 ಆಂಪ್-ಅವರ್, ಲಿಥಿಯಂನಲ್ಲಿ 12.8 ವೋಲ್ಟಿನ ಸುಮಾರು 135. ಅಂಗಡಿಯಲ್ಲಿ ಸಿಗುವ ಅಳತೆಗೆ 150.

ಈಗ ಎರಡು ರೀತಿಯಲ್ಲಿ ಕಟ್ಟಿ ನೋಡೋಣ. ಜಡಿಮಳೆಯ ದಿನಕ್ಕೆ 0.8 ಬಿಸಿಲ ಗಂಟೆ ಎಂದಿಟ್ಟುಕೊಳ್ಳಿ.

ಮೊದಲನೆಯದು: 330 ವಾಟ್ ಪ್ಯಾನೆಲ್, 150 ಆಂಪ್-ಅವರ್ ಲಿಥಿಯಂ. ಬಳಸಬಹುದಾದ ಸಂಗ್ರಹ 1536 ವಾಟ್-ಅವರ್. ಜಡಿಮಳೆಯ ದಿನ ಬರುವುದು 185, ಹೋಗುವುದು 456, ಕೊರತೆ 271. ಐದೂವರೆ ದಿನ ತಾಳುತ್ತದೆ. ಪರವಾಗಿಲ್ಲ ಅನ್ನಿಸಿತೇ? ಮಳೆ ಕೊಂಚ ಬಿಟ್ಟು ಜುಲೈಯ ಸಾಧಾರಣ ದಿನ ಬಂತು ಅನ್ನಿ. ಬರುವುದು 577, ಖರ್ಚು 456, ಉಳಿಕೆ ಬರೀ 121. ಬರಿದಾದ ಬ್ಯಾಟರಿ ತುಂಬಲು ಹನ್ನೆರಡು ಹದಿಮೂರು ದಿನ. ಪುನರ್ವಸು ಮುಗಿದು ಪುಷ್ಯ ಬರುವಷ್ಟರಲ್ಲಿ ಅಷ್ಟು ಬಿಡುವು ಕೊಡುವ ಮಳೆಗಾಲ ಮಲೆನಾಡಿನಲ್ಲಿಲ್ಲ. ಎರಡನೇ ಹೊಡೆತಕ್ಕೆ ಲಿಂಕ್ ಹೋಯಿತು.

ಎರಡನೆಯದು: 330ರ ಎರಡು ಪ್ಯಾನೆಲ್, ಅಂದರೆ 660 ವಾಟ್. ಬ್ಯಾಟರಿ 100 ಆಂಪ್-ಅವರ್ ಮಾತ್ರ, ಬಳಸಬಹುದಾದದ್ದು 1024. ಜಡಿಮಳೆಯಲ್ಲೂ ಬರುವುದು 370. ಕೊರತೆ ದಿನಕ್ಕೆ 86. ಹೀಗೆ ಹನ್ನೊಂದು ದಿನ ನಡೆಯುತ್ತದೆ. ಸಾಧಾರಣ ದಿನ ಉಳಿಕೆ ಸುಮಾರು 700, ಒಂದೂವರೆ ದಿನದಲ್ಲಿ ಬ್ಯಾಟರಿ ಮತ್ತೆ ಭರ್ತಿ.

ಲೋಡ್ ಒಂದೇ, ಮಳೆ ಒಂದೇ. ಪ್ಯಾನೆಲ್ ಹೆಚ್ಚಿಸಿದ್ದರಿಂದ ಬ್ಯಾಟರಿ ಚಿಕ್ಕದಾಯಿತು. ಪ್ಯಾನೆಲ್ ಎರಡು ದಶಕ ಬಾಳುತ್ತದೆ, ಬ್ಯಾಟರಿಗೆ ಅಷ್ಟು ಆಯಸ್ಸಿಲ್ಲ. ಮಲೆನಾಡಿನಲ್ಲಿ ಕೈಯಲ್ಲಿ ಸ್ವಲ್ಪ ದುಡ್ಡು ಉಳಿದರೆ ಅದು ಪ್ಯಾನೆಲ್ಲಿಗೇ ಹೋಗಲಿ. 4ನೇ ಹಂತದಲ್ಲಿ ಬಂದ ಅಂಕಿಯನ್ನು ಎರಡರಿಂದ ಎರಡೂವರೆ ಪಟ್ಟು ಮಾಡಿ. ಬಯಲುಸೀಮೆಗೆ ಒಂದೂವರೆ ಪಟ್ಟು ಸಾಕು.

ಹಳೇ ಇನ್ವರ್ಟರ್ ಬ್ಯಾಟರಿ ಬಗ್ಗೆ: ಮನೆಯಲ್ಲಿ ಬ್ಯಾಕಪ್ ಸಾಲದು ಎಂದು ತೆಗೆದಿಟ್ಟದ್ದು ಗುಡ್ಡದ ಮೇಲೆ ಹೊಸದಾಗುವುದಿಲ್ಲ. ಅರೆ ಚಾರ್ಜಿನಲ್ಲಿ ವಾರಗಟ್ಟಲೆ ಕೂತ ಲೆಡ್-ಆಸಿಡ್ ಬ್ಯಾಟರಿಯ ಫಲಕಗಳಿಗೆ ಸಲ್ಫೇಟ್ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ನಮ್ಮ ಮಳೆಗಾಲ ಅದಕ್ಕೆ ಕೊಡುವುದೂ ಅದೇ ಅರೆ ಚಾರ್ಜು. ಹೊರುವ ಭಾರವೂ ಯೋಚಿಸಿ. 100 ಆಂಪ್-ಅವರ್ ಲಿಥಿಯಂ ಹನ್ನೆರಡು ಕಿಲೋ ಆಸುಪಾಸು, ಒಬ್ಬರು ಬೆನ್ನಿಗೆ ಹಾಕಿಕೊಂಡು ಹತ್ತಬಹುದು. ಅಷ್ಟೇ ಕೆಲಸ ಮಾಡುವ ಟ್ಯೂಬುಲರ್‌ಗೆ ನಾಲ್ಕು ಆಳು ಬೇಕು, ದಾರಿಯಲ್ಲಿ ಆಸಿಡ್ ಚೆಲ್ಲುವ ಭಯ ಬೇರೆ.

ಈಗ 540 ವಾಟಿನ ಒಂಟಿ ಪ್ಯಾನೆಲ್ ಸಲೀಸಾಗಿ ಸಿಗುತ್ತದೆ. ಜೀಪು ಹೋಗುವ ಗುಡ್ಡಕ್ಕೆ ಒಳ್ಳೆಯದೇ. ಆದರೆ ಅದು ಎರಡೂಕಾಲು ಮೀಟರ್ ಉದ್ದದ ಗಾಜು. ಲಂಟಾನ ಮುಚ್ಚಿದ ಕಾಲುದಾರಿಯಲ್ಲಿ ಹೊತ್ತು ಹೋಗಬೇಕಾದರೆ ಚಿಕ್ಕವೆರಡು ವಾಸಿ.

6. ಚಾರ್ಜ್ ಕಂಟ್ರೋಲರ್

ಇದರಲ್ಲಿ ಎರಡು ಜಾತಿ. ಪಿಡಬ್ಲ್ಯುಎಂ ಎಂಬುದು ಪ್ಯಾನೆಲ್ಲನ್ನು ಬ್ಯಾಟರಿಯ ವೋಲ್ಟೇಜಿಗೇ ಎಳೆದು ಕೂರಿಸುತ್ತದೆ. ಎಂಪಿಪಿಟಿ ಪ್ಯಾನೆಲ್ಲನ್ನು ಅದಕ್ಕೆ ಹಿತವಾದ ವೋಲ್ಟೇಜಿನಲ್ಲಿ ಬಿಟ್ಟು, ಹೆಚ್ಚಿನ ವೋಲ್ಟೇಜನ್ನು ಆಂಪ್ ಆಗಿ ಬದಲಿಸಿಕೊಡುತ್ತದೆ. 330 ವಾಟ್ ಪ್ಯಾನೆಲ್ ಸುಮಾರು 37 ವೋಲ್ಟಿನಲ್ಲಿ 9 ಆಂಪ್ ಕೊಡುವಂಥದ್ದು. ಅದನ್ನು ಅಗ್ಗದ ಪಿಡಬ್ಲ್ಯುಎಂ ಮೂಲಕ 12 ವೋಲ್ಟ್ ಬ್ಯಾಟರಿಗೆ ಕಟ್ಟಿದರೆ ಸಿಗುವುದು 13 × 9, ಅಂದರೆ 117 ವಾಟ್. ಉಳಿದ ಇನ್ನೂರು ಚಿಲ್ಲರೆ ವಾಟಿಗೆ ನೀವು ದುಡ್ಡು ಕೊಟ್ಟು, ಗುಡ್ಡಕ್ಕೆ ಹೊತ್ತು, ಬಿಟ್ಟುಬಂದಂತೆ. “ಪ್ಯಾನೆಲ್ ದೊಡ್ಡದಿದೆ, ಚಾರ್ಜೇ ಆಗಲ್ಲ” ಎನ್ನುವ ದೂರುಗಳಲ್ಲಿ ಬಹುಪಾಲು ಇದೇ.

ನಮ್ಮ ವ್ಯವಸ್ಥೆಗೆ 100 ವೋಲ್ಟ್, 30 ಆಂಪಿನ ಎಂಪಿಪಿಟಿ ಸಾಕು. ಬೇಸಿಗೆಯ ಮಧ್ಯಾಹ್ನ 660 ವಾಟ್ ಪೂರ್ತಿ ಬಂದರೂ ಅದು 30 ಆಂಪಿಗೆ ಕತ್ತರಿಸಿಕೊಳ್ಳುತ್ತದೆ. ಆಗ ನಮಗೆ ಅಷ್ಟು ಬೇಕಾಗಿಯೂ ಇಲ್ಲ. ಆದರೆ ಹೀಗೆ ಹೆಚ್ಚು ವಾಟ್ ಕಟ್ಟಲು ಕಂಟ್ರೋಲರಿನ ಕೈಪಿಡಿಯಲ್ಲಿ ಅನುಮತಿ ಇರಬೇಕು. ವೋಲ್ಟೇಜ್ ವಿಷಯದಲ್ಲಂತೂ ಯಾವ ಸಡಿಲಿಕೆಯೂ ಇಲ್ಲ. ಲೋಡ್ ಇಲ್ಲದಾಗ ಪ್ಯಾನೆಲ್ 46 ವೋಲ್ಟ್ ತೋರಿಸುತ್ತದೆ. ಎರಡನ್ನು ಸರಣಿಯಲ್ಲಿ ಕಟ್ಟಿದರೆ 92. ಚಳಿಗೆ ಪ್ಯಾನೆಲ್ ವೋಲ್ಟೇಜ್ ಏರುವುದರಿಂದ ಡಿಸೆಂಬರಿನ ಬೆಳಗ್ಗೆ 96ರ ಹತ್ತಿರ ಹೋಗುತ್ತದೆ. 100ರ ಕಂಟ್ರೋಲರಿಗೆ ಅದು ತೀರಾ ಅಂಚು. ಎರಡನ್ನೂ ಸಮಾಂತರದಲ್ಲೇ ಕಟ್ಟಿ: ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್.

7. ವೈರು, ಫ್ಯೂಸು

ಪ್ಯಾನೆಲ್ಲಿನಿಂದ ಕಂಟ್ರೋಲರ್ ಇರುವ ಪೆಟ್ಟಿಗೆಗೆ 10 ಮೀಟರ್ ದೂರ, ಎರಡೂ ಪ್ಯಾನೆಲ್ ಸೇರಿ 18 ಆಂಪ್. 6 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಹೋಗಿ ಬರುವ 20 ಮೀಟರಿಗೆ ಸುಮಾರು 1 ವೋಲ್ಟ್ ನಷ್ಟ, 37ಕ್ಕೆ ಶೇ 3ರ ಒಳಗೆ. ಅದು ಸರಿ. ಮನೆ ವೈರಿಂಗಿನ 1.5ರ ವೈರಿನಲ್ಲಾದರೆ 4 ವೋಲ್ಟಿಗೂ ಮೇಲೆ ಹೋಗುತ್ತದೆ.

ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ 40 ಆಂಪ್ ಡಿಸಿ ಫ್ಯೂಸ್ ಕಡ್ಡಾಯ. ಅಲ್ಲಿಂದ ಕಂಟ್ರೋಲರಿಗೆ 10 ಚದರ ಮಿ.ಮೀ. ವೈರು, ತುದಿಗೆ ಲಗ್ಗು (ಲೋಹದ ಬಳೆ) ಹಾಕಿ ಕ್ರಿಂಪ್ ಮಾಡಿದ್ದು, ಅಂದರೆ ಒತ್ತಿ ಕೂರಿಸಿದ್ದು. ಎಳೆ ಸುತ್ತಿ ಬಿಗಿದದ್ದು ಬೇಡ. ಲೋಡ್ ಕಡೆಗೆ 5 ಆಂಪ್ ಫ್ಯೂಸ್. ನೆಟ್‌ವರ್ಕ್ ಕೇಬಲ್ ಪೂರ್ತಿ ತಾಮ್ರದ್ದೇ ಇರಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ಲಿನ ರೋಧ ಒಂದೂವರೆ ಪಟ್ಟಿಗೂ ಹೆಚ್ಚು, ಮಳೆ ತೇವಕ್ಕೆ ತುದಿ ಪುಡಿಪುಡಿಯಾಗುತ್ತದೆ.

8. ಎಷ್ಟು ಓರೆ, ಯಾವ ದಿಕ್ಕು

ದಕ್ಷಿಣಕ್ಕೆ ಮುಖ, ಅಕ್ಷಾಂಶದಷ್ಟು ಓರೆ, ಚಳಿಗಾಲಕ್ಕೆ ಇನ್ನೂ ಹತ್ತು ಹದಿನೈದು ಡಿಗ್ರಿ ಹೆಚ್ಚು. ಇದು ಎಲ್ಲ ಕಡೆ ಓದಲು ಸಿಗುವ ಸೂತ್ರ. ಚಳಿಗಾಲ ಕೆಟ್ಟದಾಗಿರುವ ಉತ್ತರದ ದೇಶಗಳಿಗೆ ಅದು ಸರಿ. ನಮ್ಮ ಕೆಟ್ಟ ಕಾಲ ಜುಲೈ. ಶಿರಸಿ, ತೀರ್ಥಹಳ್ಳಿಗಳಂತೆ 14 ಡಿಗ್ರಿಯ ಆಸುಪಾಸಿನಲ್ಲಿರುವ ಊರಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಅದೂ ಮೋಡದ ಹಿಂದೆ. ಬೆಳಕು ಬರುವುದು ಇಡೀ ಆಕಾಶದಿಂದ. ದಕ್ಷಿಣಕ್ಕೆ 30 ಡಿಗ್ರಿ ಎತ್ತಿ ನಿಲ್ಲಿಸಿದ ಪ್ಯಾನೆಲ್ ಆ ಆಕಾಶದ ಒಂದು ಪಾಲಿಗೆ ಬೆನ್ನು ಹಾಕಿ ಕೂರುತ್ತದೆ. 10 ಡಿಗ್ರಿ ಸಾಕು. ಆ ಹತ್ತಾದರೂ ಯಾಕೆಂದರೆ, ಮಟ್ಟಸವಾಗಿಟ್ಟರೆ ಕೆಳಗಿನ ಚೌಕಟ್ಟಿನಂಚಿಗೆ ನೀರು ನಿಂತು ಪಾಚಿ ಕಟ್ಟುತ್ತದೆ. ಬೆರಳಗಲ ಹಸಿರು ಪಟ್ಟಿ ಕೆಳಸಾಲಿನ ಕೋಶಗಳನ್ನು ಮುಚ್ಚಿದರೂ ಹಲವು ಪ್ಯಾನೆಲ್‌ಗಳ ಉತ್ಪಾದನೆ ಬಹುಪಾಲು ಕುಸಿಯುತ್ತದೆ, ಕೋಶಗಳು ಸರಪಳಿಯಂತೆ ಜೋಡಿಸಿರುವುದರಿಂದ.

ನೆರಳಿಗೂ ಅದೇ ನಿಯಮ. ರೇಡಿಯೊದ ಕಂಬದ ನೆರಳೇ ಪ್ಯಾನೆಲ್ ಮೇಲೆ ಬೀಳದಂತೆ, ಕಂಬವನ್ನು ಬೇಸಿಗೆ–ಚಳಿಗಾಲ ಎರಡರ ನೆರಳನ್ನೂ ಯೋಚಿಸಿ ನಿಲ್ಲಿಸಿ. ನೆತ್ತಿಯ ಗಾಳಿಗೆ ಎರಡು ಪ್ಯಾನೆಲ್ ಎಂದರೆ ನಾಲ್ಕು ಚದರ ಮೀಟರಿನ ಹಾಯಿ. ಜಿಐ ಕಾಲುಗಳನ್ನು ಕಾಂಕ್ರೀಟಿನಲ್ಲಿ ಹೂಳಿ, ಬರೀ ಕಲ್ಲು ಹೇರಿ ನಂಬಬೇಡಿ. ಮಂಗಗಳು ಪ್ಯಾನೆಲ್ ಮೇಲೆ ಕೂರುತ್ತವೆ, ನೇತಾಡುವ ವೈರ್ ಎಳೆಯುತ್ತವೆ. ಎಲ್ಲ ವೈರೂ ಪೈಪಿನೊಳಗಿರಲಿ.

9. ಪೆಟ್ಟಿಗೆ ಮತ್ತು ಸಿಡಿಲು

ಪೆಟ್ಟಿಗೆಗೆ ವೈರ್ ಒಳಹೋಗುವುದು ತಳದಿಂದ, ಗ್ಲ್ಯಾಂಡ್ (ವೈರಿನ ಸುತ್ತ ಬಿಗಿದು ನೀರು ತಡೆಯುವ ಬಿರಡೆ) ಮೂಲಕ, ಒಳಹೋಗುವ ಮೊದಲು ಕೆಳಗೆ ಒಂದು ಬಾಗು ಇಟ್ಟು. ನೀರು ವೈರಿನ ಗುಂಟ ಇಳಿದು ಆ ಬಾಗಿನಲ್ಲಿ ತೊಟ್ಟಿಕ್ಕಿಹೋಗುತ್ತದೆ. ಬಿಸಿಯಾಗಿರುವ ಕನ್ವರ್ಟರ್ ಪಕ್ಕ ಇರುವೆ ಗೂಡು ಕಟ್ಟುತ್ತದೆ. ಉಸಿರಾಟದ ತೂತುಗಳಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಬಿಗಿಯಿರಿ.

ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಗುಡುಗು ಮಳೆಗೆ ಗುಡ್ಡದ ಕಂಬವೇ ಮೊದಲ ಗುರಿ. ಕಂಬ, ಪ್ಯಾನೆಲ್ ಚೌಕಟ್ಟು, ಪೆಟ್ಟಿಗೆ, ಸರ್ಜ್ ಪ್ರೊಟೆಕ್ಟರ್ (ವೈರಿನಲ್ಲಿ ನುಗ್ಗುವ ಹೆಚ್ಚಿನ ವೋಲ್ಟೇಜನ್ನು ನೆಲಕ್ಕಿಳಿಸುವ ಸಾಧನ) ಎಲ್ಲವೂ ಒಂದೇ ಅರ್ತಿಂಗಿಗೆ ಸೇರಬೇಕು. ಕಂಬಕ್ಕೊಂದು, ಪೆಟ್ಟಿಗೆಗೊಂದು ಬೇರೆ ಬೇರೆ ಗುಂಡಿ ಮಾಡಿ ಕೂಡಿಸದೆ ಬಿಟ್ಟರೆ ಸಿಡಿಲಿನ ಕರೆಂಟ್ ಒಂದರಿಂದ ಇನ್ನೊಂದಕ್ಕೆ ಹೋಗಲು ನಿಮ್ಮ ರೂಟರನ್ನೇ ಸೇತುವೆ ಮಾಡಿಕೊಳ್ಳುತ್ತದೆ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ರೋಧ ಏರುತ್ತದೆ, ಆದ್ದರಿಂದ ಎರಡು ಮೂರು ಸರಳು ಹೂತು ತಾಮ್ರದ ಪಟ್ಟಿಯಿಂದ ಒಂದುಗೂಡಿಸಿ. ನೇರ ಹೊಡೆತಕ್ಕೆ ಇದ್ಯಾವುದೂ ಖಾತರಿ ರಕ್ಷಣೆಯಲ್ಲ. ಹತ್ತಿರ ಬಿದ್ದ ಸಿಡಿಲಿನಿಂದ ಉಳಿಸುತ್ತದೆ.

ಜಾಗದ ವಿಷಯ: 5 ಗಿಗಾಹರ್ಟ್ಸ್ ರೇಡಿಯೊಗಳಿಗೆ ನಿಗದಿತ ಶಕ್ತಿಮಿತಿಯೊಳಗೆ ಹೊರಾಂಗಣದಲ್ಲೂ 2018ರಿಂದ ಪರವಾನಗಿ ಬೇಕಿಲ್ಲ. ನೆತ್ತಿ ಅರಣ್ಯ ಇಲಾಖೆಯದಾದರೆ ಕಂಬ ನೆಡಲು ಅವರ ಅನುಮತಿ ಬೇಕೇ ಬೇಕು. ದುಡ್ಡು ಪಡೆದು ಇಂಟರ್ನೆಟ್ ಹಂಚುವುದು ಬೇರೆಯೇ ಪರವಾನಗಿಯ ವಿಷಯ.

10. ಜೋಡಿಸುವ ಕ್ರಮ, ಕಂಟ್ರೋಲರಿನ ಅಂಕಿಗಳು

ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ಲೋಡ್. ಬಿಚ್ಚುವಾಗ ತಿರುಗುಮುರುಗು. ಬ್ಯಾಟರಿ ಇಲ್ಲದೆ ಪ್ಯಾನೆಲ್ ಮಾತ್ರ ಕಟ್ಟಿದರೆ ಕೆಲವು ಕಂಟ್ರೋಲರ್‌ಗಳು ಅಲ್ಲೇ ಕೆಡುತ್ತವೆ.

ಲೋಡ್ ಕಡಿಯುವ ವೋಲ್ಟೇಜ್ ಎಂಬ ಸೆಟ್ಟಿಂಗ್ ಇರುತ್ತದೆ. ಬ್ಯಾಟರಿ ತೀರಾ ಇಳಿದಾಗ ಲೋಡನ್ನು ಬಿಡಿಸಿ ಬ್ಯಾಟರಿ ಉಳಿಸುವುದು ಅದರ ಕೆಲಸ. ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ 11ರ ಆಸುಪಾಸು ಇರುತ್ತದೆ. ನಮ್ಮಂಥ ಸಣ್ಣ ಲೋಡಿಗೆ ಅದು ತಡವಾಯಿತು. ಎರಡೂ ಜಾತಿಯ ಬ್ಯಾಟರಿಗೆ 12.0 ಇಡಿ. ಮತ್ತೆ ಜೋಡಿಸುವ ಅಂಕಿ ಲೆಡ್-ಆಸಿಡ್‌ಗೆ 12.7, ಲಿಥಿಯಂಗೆ 13.0. ಈ ಎರಡರ ಅಂತರ ಕಿರಿದಾದರೆ ಲೋಡ್ ಹೋದ ಕೂಡಲೇ ವೋಲ್ಟೇಜ್ ಪುಟಿದೆದ್ದು, ಲೋಡ್ ಮತ್ತೆ ಬಂದು, ಮತ್ತೆ ಕುಸಿದು, ರೇಡಿಯೊ ರಾತ್ರಿಯಿಡೀ ಬೂಟ್ ಆಗುತ್ತಲೇ ಇರುತ್ತದೆ. ಚಾರ್ಜ್ ವೋಲ್ಟೇಜ್ ಎರಡಕ್ಕೂ 14.4 ನಡೆಯುತ್ತದೆ. ಲಿಥಿಯಂಗೆ ‘ಈಕ್ವಲೈಸ್’ (ಲೆಡ್-ಆಸಿಡ್‌ಗೆಂದು ಆಗಾಗ ಹೆಚ್ಚು ವೋಲ್ಟೇಜಿನಲ್ಲಿ ಚಾರ್ಜ್ ಮಾಡುವುದು) ಮತ್ತು ತಾಪಮಾನ ಹೊಂದಾಣಿಕೆ ಎರಡನ್ನೂ ಆರಿಸಿಡಿ. ಬ್ಯಾಟರಿ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅವರದ್ದೇ ಅಂತಿಮ.

ಲಿಂಕ್ ಬಿದ್ದಾಗ ಗುಡ್ಡ ಹತ್ತುವ ಮೊದಲು

ಬಿದ್ದ ಹೊತ್ತು ನೋಡಿ. ಬೆಳಗಿನ ಜಾವ ಮೂರು ನಾಲ್ಕರ ಸುಮಾರಿಗೆ ಹೋಗಿ, ಹತ್ತರ ಹೊತ್ತಿಗೆ ತಾನೇ ಎದ್ದರೆ ಸಂಶಯವೇ ಬೇಡ, ಬ್ಯಾಟರಿ ರಾತ್ರಿ ಪೂರೈಸುತ್ತಿಲ್ಲ. ಪ್ಯಾನೆಲ್ ತೊಳೆದು, ನೆರಳಿಗೆ ಬೆಳೆದ ಕೊಂಬೆ ಕಡಿದು ನೋಡಿ, ಆಮೇಲೆ ಬ್ಯಾಟರಿಯನ್ನು ಅನುಮಾನಿಸಿ. ಮಳೆ ಜೋರಾದಾಗ ಮಾತ್ರ ಬಿದ್ದು, ನಿಂತ ಕೂಡಲೇ ಎದ್ದರೆ ಕೇಬಲ್ಲಿನ ತುದಿಗೆ ನೀರು ಹೋಗುತ್ತಿದೆ. ಗುಡುಗಿನ ನಂತರ ಹೋಗಿ ಬರಲೇ ಇಲ್ಲ ಎಂದರೆ ಹೋಗುವಾಗ ಸರ್ಜ್ ಪ್ರೊಟೆಕ್ಟರ್, ಫ್ಯೂಸ್, ಒಂದು ಬೂಸ್ಟ್ ಕನ್ವರ್ಟರ್ ಚೀಲದಲ್ಲಿರಲಿ.

ಕೆಲವು ರೂಟರ್‌ಗಳು ತಮಗೆ ಬರುವ ವೋಲ್ಟೇಜನ್ನು ತಾವೇ ತೋರಿಸುತ್ತವೆ. ಬ್ಯಾಟರಿಯಿಂದ ನೇರ ಕರೆಂಟ್ ತೆಗೆದುಕೊಳ್ಳುವ ಅಂಥ ರೂಟರ್ ಗುಡ್ಡದಲ್ಲಿದ್ದರೆ ಮನೆಯಲ್ಲೇ ಕೂತು ಬ್ಯಾಟರಿ ನೋಡಬಹುದು. ಮಧ್ಯಾಹ್ನದ ಅಂಕಿ ಏನನ್ನೂ ಹೇಳುವುದಿಲ್ಲ, ಬೆಳಗ್ಗೆ ಆರರದ್ದನ್ನು ಬರೆದಿಡಿ. ಜೂನ್ ಮೊದಲ ವಾರದಿಂದ ಅದು ದಿನದಿನಕ್ಕೆ ಇಳಿಯುತ್ತಿದ್ದರೆ, ಆರಿದ್ರಾ ಹಿಡಿಯುವ ಮೊದಲೇ, ಜೂನ್ 20ರೊಳಗೆ, ಮೂರನೇ ಪ್ಯಾನೆಲ್ ಹೊತ್ತು ಹಾಕಿ ಬನ್ನಿ.